ಮಲ ಪರೀಕ್ಷೆ ಕೈಕೊಟ್ಟಾಗ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಎರಡು ಸಲ ‘ಏನೂ ಕಾಣಲಿಲ್ಲ’ ಅಂತ ರಿಪೋರ್ಟ್ ಕೊಟ್ಟಾಗಿತ್ತು. ಮೂರನೇ ಸಲ ಅದೇ ಮನುಷ್ಯ ಡಬ್ಬಿ ಹಿಡಿದು ನಮ್ಮ ಲ್ಯಾಬಿನ ಕಿಟಕಿಯ ಮುಂದೆ ನಿಂತಿದ್ದರು. ಐವತ್ತರ ಆಸುಪಾಸು, ಹೊಲದ ಕೆಲಸ. ಮೂರು ವಾರದಿಂದ ಹೊಟ್ಟೆ ನುಲಿತ. ದಿನಕ್ಕೆ ಏಳೆಂಟು ಸಲ ಹೋಗಬೇಕು. ಲೋಳೆ, ನಡುನಡುವೆ ರಕ್ತ. ಡಾಕ್ಟರಿಗೆ ಆಮಶಂಕೆ ಅಂತಲೇ ಅನುಮಾನ. ನಮ್ಮ ಮೈಕ್ರೋಸ್ಕೋಪು ಮಾತ್ರ ಒಪ್ಪುತ್ತಿರಲಿಲ್ಲ.

ಅವತ್ತು ಡಬ್ಬಿಗೆ ಕೈ ಚಾಚುವ ಮೊದಲು ಸುಮ್ನೆ ಕೇಳಿದೆ. ‘ಯಜಮಾನ್ರೇ, ಇದು ಯಾವಾಗಿಂದು?’

‘ನಿನ್ನೆ ಸಾಯಂಕಾಲದ್ದು ಸಾರ್. ಬೆಳಿಗ್ಗೆ ಬಸ್ಸಿಗೆ ಹೊರಡೋ ಹೊತ್ತಲ್ಲಿ ಆಗುತ್ತೋ ಇಲ್ವೋ ಅಂತ ನಿನ್ನೇನೇ ಎತ್ತಿಟ್ಟೆ.’

‘ಲೋಳೆ, ರಕ್ತ ಇರೋ ಕಡೆಯಿಂದ ತೆಗೆದ್ರಾ?’

‘ಅಯ್ಯೋ, ಅದು ಹೊಲಸು ಅಂತ ಪಕ್ಕಕ್ಕೆ ಸರಿಸಿ ಚೆನ್ನಾಗಿರೋದನ್ನೇ ತಂದಿದೀನಿ.’

ಹೊಸ ಡಬ್ಬಿ ಕೊಟ್ಟು, ನಮ್ಮ ಲ್ಯಾಬಿನ ಹಿಂದಿನ ಟಾಯ್ಲೆಟ್ಟಿಗೇ ಕಳಿಸಿದೆ. ಬೀಗದ ಕೈ ಹುಡುಕಲು ಐದು ನಿಮಿಷ ಹಿಡಿಯಿತು, ಆ ವಿಷಯ ಆಮೇಲೆ ಹೇಳುತ್ತೇನೆ. ಮಾದರಿ ಇನ್ನೂ ಬೆಚ್ಚಗಿತ್ತು. ಲೋಳೆಯ ಒಂದು ಚೂರನ್ನು ಸಲೈನ್ ಹನಿಯಲ್ಲಿ ಕಲಸಿ ಸ್ಲೈಡ್ ಇಟ್ಟರೆ, ಅಮೀಬಾಗಳು ಮೈ ಚಾಚಿಕೊಂಡು ಓಡಾಡುತ್ತಿವೆ. ಕೆಲವುದರ ಒಳಗೆ ನುಂಗಿದ ಕೆಂಪು ರಕ್ತಕಣಗಳೂ ಇದ್ದವು. ಆಮಶಂಕೆ ತರುವ ಅಮೀಬಾ, ಅಂದರೆ ಎಂಟಮೀಬಾ ಹಿಸ್ಟಾಲಿಟಿಕಾ ಅಂತ ಹೇಳಲು ಅದಕ್ಕಿಂತ ಒಳ್ಳೆಯ ಗುರುತು ಮೈಕ್ರೋಸ್ಕೋಪಿನಲ್ಲಿ ಸಿಗುವುದಿಲ್ಲ.

ಆ ಮನುಷ್ಯ ಮಾಡಿದ್ದೆಲ್ಲ ಅವರ ಲೆಕ್ಕದಲ್ಲಿ ಸರಿಯೇ. ತಡವಾಗದಿರಲಿ ಅಂತ ಮುಂಚೆಯೇ ತೆಗೆದಿಟ್ಟರು. ಹೊಲಸಾಗದಿರಲಿ ಅಂತ ಲೋಳೆ ಬಿಟ್ಟರು. ನಾವು ಅವರಿಗೆ ಹೇಳಿದ್ದು ಒಂದೇ ಮಾತು: ‘ನಾಳೆ ಬೆಳಿಗ್ಗೆ ಮೋಷನ್ ತಗೊಂಡು ಬನ್ನಿ.’ ಅದಕ್ಕೇ ಈಗ ಕೆಟ್ಟ ಮಾದರಿ ಬಂದರೆ ನಾನು ರೋಗಿಯನ್ನು ಬಯ್ಯುವುದಿಲ್ಲ. ಡಬ್ಬಿಯಿಂದ ಹಿಂದಕ್ಕೆ, ಕಿಟಕಿಯವರೆಗೆ ಬರುತ್ತೇನೆ. ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲೇ ಸಿಗುತ್ತದೆ ಅನ್ನುವುದು ನನ್ನ ಅಂದಾಜು.

ಮೊದಲು ಕೇಳಬೇಕಾದ್ದು

ಮೈಕ್ರೋಸ್ಕೋಪಿಗೆ ಹೋಗುವ ಮೊದಲು ಡಬ್ಬಿ ತಂದವರಿಗೆ ಐದು ಪ್ರಶ್ನೆ. ಎಷ್ಟು ಗಂಟೆಗೆ ಹೋದದ್ದು? ಎಲ್ಲಿ ಹೋಗಿದ್ದು, ಹೇಗೆ ತೆಗೆದದ್ದು? ಯಾವ ಭಾಗದಿಂದ ತೆಗೆದದ್ದು? ಈ ಹದಿನೈದು ದಿನದಲ್ಲಿ ಯಾವ ಮಾತ್ರೆ, ಟಾನಿಕ್, ಮನೆಮದ್ದು? ಡಬ್ಬಿ ಕೊಟ್ಟಾಗ ನಿಮಗೆ ಏನು ಹೇಳಿದರು?

ಕೊನೆಯ ಪ್ರಶ್ನೆ ಕೇಳಲು ನಮಗೇ ಸ್ವಲ್ಪ ಮುಜುಗರ. ಆದರೆ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ. ‘ಏನೂ ಹೇಳಲಿಲ್ಲ, ಡಬ್ಬಿ ಕೊಟ್ರು’ ಅಂದರೆ ಉಳಿದ ನಾಲ್ಕಕ್ಕೂ ಉತ್ತರ ಅರ್ಧ ಸಿಕ್ಕಂತೆ.

ರೋಗ ಇದೆ, ಸ್ಲೈಡಿನಲ್ಲಿ ಇಲ್ಲ

ಇದು ಎಲ್ಲಕ್ಕಿಂತ ಕೆಟ್ಟ ದೋಷ. ಡಬ್ಬಿ ಸೋರಿದರೆ ಕಣ್ಣಿಗೆ ಕಾಣುತ್ತದೆ. ಈ ತಪ್ಪು ಮಾತ್ರ ‘ನಾರ್ಮಲ್’ ಅನ್ನುವ ರಿಪೋರ್ಟಿನ ಕೆಳಗೆ ಸಹಿ ಹಾಕಿಸಿಕೊಂಡು ಹೊರಗೆ ಹೋಗಿಬಿಡುತ್ತದೆ.

ಮೊದಲ ಅನುಮಾನ ಹೊತ್ತಿನ ಮೇಲೆ ಇರಲಿ. ಅಮೀಬಾಕ್ಕೆ ಎರಡು ರೂಪ. ಓಡಾಡುವ ರೂಪವನ್ನು ಟ್ರೋಫೊಝೋಯಿಟ್ ಅನ್ನುತ್ತೇವೆ. ಗಟ್ಟಿ ಕವಚ ಹೊದ್ದು ಮಲಗಿದ ರೂಪ ಸಿಸ್ಟ್. ನೀರಾಗಿ ಹೋಗುವ ಭೇದಿಯಲ್ಲಿ ಬರುವುದು ಮುಖ್ಯವಾಗಿ ಓಡಾಡುವ ರೂಪ. ಅದಕ್ಕೆ ರಕ್ಷಣೆಯ ಕವಚ ಇಲ್ಲ. ಮೈಯಿಂದ ಹೊರಬಿದ್ದು ತಣ್ಣಗಾಗುತ್ತಿದ್ದಂತೆ ಓಟ ನಿಲ್ಲಿಸುತ್ತದೆ, ಉರುಟಾಗುತ್ತದೆ, ಒಡೆಯುತ್ತದೆ. ಸತ್ತ ಅಮೀಬಾಕ್ಕೂ ಕೀವು ಕಣಕ್ಕೂ ವ್ಯತ್ಯಾಸ ಹೇಳುವುದು ಅನುಭವಿಗಳಿಗೂ ಕಷ್ಟ. ಅದಕ್ಕಾಗಿ ಇರುವ ಲೆಕ್ಕ ಇದು: ನೀರಿನಂಥ ಮಲವನ್ನು ಹೋದ 30 ನಿಮಿಷದೊಳಗೆ ನೋಡಬೇಕು. ಮೆತ್ತಗಿದ್ದರೆ 60 ನಿಮಿಷದೊಳಗೆ. ಗಟ್ಟಿಯಾಗಿದ್ದರೆ ಅದರಲ್ಲಿರುವುದು ಸಿಸ್ಟ್ ಮತ್ತು ಮೊಟ್ಟೆಗಳು, ಅವು ಗಟ್ಟಿಗರು, ಅದೇ ದಿನ ನೋಡಿದರೂ ನಡೆಯುತ್ತದೆ.

ಈಗ ಈ ಲೆಕ್ಕವನ್ನು ನಮ್ಮ ಊರಿನ ಲೆಕ್ಕಕ್ಕೆ ಹೊಂದಿಸಿ ನೋಡಿ. ಹಳ್ಳಿಯಿಂದ ಮೊದಲ ಬಸ್ಸು ಆರೂವರೆಗೆ. ಲ್ಯಾಬಿನ ಬಾಗಿಲು ತೆರೆಯುವುದು ಒಂಬತ್ತಕ್ಕೆ. ಅಂದಮೇಲೆ ಭೇದಿಯ ರೋಗಿಗೆ ‘ಬೆಳಿಗ್ಗೆ ತನ್ನಿ’ ಅನ್ನುವುದೇ ತಪ್ಪು ಸೂಚನೆ. ದಿನಕ್ಕೆ ಏಳೆಂಟು ಸಲ ಹೋಗುವವರಿಗೆ ಬೆಳಗಿನದ್ದೇ ಯಾಕೆ ಬೇಕು? ಯಾವ ಹೊತ್ತಿನದ್ದಾದರೂ ಆಗುತ್ತದೆ. ‘ಡಬ್ಬಿ ಮನೆಗೆ ಒಯ್ಯಬೇಡಿ. ಇಲ್ಲೇ ಕೂತಿರಿ, ಬಂದಾಗ ನಮ್ಮ ಟಾಯ್ಲೆಟ್ಟಿಗೇ ಹೋಗಿ, ಬಿಸಿಯಾಗೇ ಕೊಡಿ’ ಅನ್ನುವುದು ಸರಿಯಾದ ಸೂಚನೆ. ಅದಕ್ಕೆ ಟಾಯ್ಲೆಟ್ಟಿನ ಬೀಗದ ಕೈ ಸ್ಟೋರ್ ಕೀಪರ್ ಡ್ರಾಯರಿನಲ್ಲಿ ಇರಬಾರದು, ಅಲ್ವಾ? ನಮ್ಮಲ್ಲಿ ವರ್ಷಗಟ್ಟಲೆ ಅಲ್ಲೇ ಇತ್ತು.

ಫ್ರಿಜ್ ಬಗ್ಗೆ ಒಂದು ಮಾತು. ‘ಹಾಳಾಗದಿರಲಿ’ ಅಂತ ಹಾಲಿನ ಪಕ್ಕ ಇಟ್ಟು ತಂದವರೂ ಇದ್ದಾರೆ. ಊಟದ ಫ್ರಿಜ್ಜಿನಲ್ಲಿ ಇಡಲೇಬಾರದು, ಅದು ಬೇರೆ ಮಾತು. ಆದರೆ ಅಮೀಬಾ ನೋಡಬೇಕಾದ ಮಾದರಿಗೆ ತಣ್ಣಗಿನ ಜಾಗವೇ ಶತ್ರು. ಹಾಗಂತ ಬಿಸಿಲಿನ ಕಿಟಕಿಯಲ್ಲಿ ಒಂದು ದಿನ ಇಟ್ಟರೆ ಬೇರೆ ಫಜೀತಿ. ಕೊಕ್ಕೆಹುಳುವಿನ ಮೊಟ್ಟೆ ಡಬ್ಬಿಯಲ್ಲೇ ಒಡೆದು ಮರಿ ಹೊರಬರಬಹುದು. ಆ ಮರಿ ನೋಡಿದ ಹೊಸ ಟೆಕ್ನಿಷಿಯನ್ ಅದನ್ನು ಸ್ಟ್ರಾಂಜಿಲಾಯ್ಡಿಸ್ ಅನ್ನುವ ಬೇರೆಯೇ ಹುಳು ಅಂತ ಬರೆದುಬಿಡುತ್ತಾರೆ. ಮಲದಲ್ಲಿ ಮರಿಹುಳು ಕಂಡರೆ ಮೊದಲು ಗಡಿಯಾರ ನೋಡಿ, ಆಮೇಲೆ ಹೆಸರಿಡಿ.

ಹೊತ್ತು ಸರಿ ಇದ್ದರೆ ಎರಡನೇ ಅನುಮಾನ ಭಾಗದ ಮೇಲೆ. ರೋಗ ಇರುವುದು ಲೋಳೆ, ರಕ್ತ ಇರುವ ಕಡೆ. ರೋಗಿಗೆ ಅದೇ ಅಸಹ್ಯ. ಹೀಗಾಗಿ ‘ಸ್ವಲ್ಪ ತನ್ನಿ’ ಅಂದರೆ ಅವರು ಚೆಂದ ಕಂಡದ್ದನ್ನೇ ತರುತ್ತಾರೆ. ಹೇಳುವ ಮಾತು ನೇರವಾಗಿರಲಿ: ‘ಲೋಳೆ ಕಂಡರೆ ಅದನ್ನೇ ತೆಗೀರಿ, ರಕ್ತ ಕಂಡರೆ ಅದನ್ನೇ ತೆಗೀರಿ. ಎರಡೂ ಇಲ್ಲ ಅಂದ್ರೆ ಮೂರು ಕಡೆಯಿಂದ ಚೂರು ಚೂರು.’

ಮೂರನೆಯದು ಮದ್ದು. ‘ಏನಾದ್ರೂ ಮಾತ್ರೆ ತಗೊಂಡಿದೀರಾ?’ ಅಂದರೆ ‘ಇಲ್ಲ’ ಅನ್ನುತ್ತಾರೆ. ಸುಳ್ಳಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಎರಡು ಭೇದಿ ಮಾತ್ರೆ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ಅದರಲ್ಲಿ ಮೆಟ್ರೊನಿಡಜೋಲ್ ಇದ್ದರೆ ಅಮೀಬಾ, ಭೇದಿ ತರುವ ಇನ್ನೊಂದು ಪರಾವಲಂಬಿ ಜಿಯಾರ್ಡಿಯಾ, ಎರಡೂ ಸ್ಲೈಡಿನಿಂದ ಮಾಯ. ಪ್ರಶ್ನೆ ಬದಲಿಸಿ: ‘ಅಂಗಡಿಯಿಂದ ಏನು ತಂದ್ರಿ? ಮನೇಲಿ ಏನು ಕುಡಿದ್ರಿ?’ ಆಗ ಹೊರಬರುತ್ತದೆ. ಹರಳೆಣ್ಣೆಯೂ ಹೀಗೇ ಹೊರಬಂತು. ಒಂದು ಸ್ಲೈಡಿನ ತುಂಬ ಎಣ್ಣೆಯ ಗುಳ್ಳೆ, ಏನೂ ಕಾಣಿಸದು. ಹೊಟ್ಟೆ ಶುದ್ಧಿಯಾಗಲಿ ಅಂತ ಹಿಂದಿನ ರಾತ್ರಿ ಹರಳೆಣ್ಣೆ ಕುಡಿದು ಬಂದಿದ್ದರು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದಿದ್ದರೂ ಇದೇ ಕಥೆ. ಅದರ ಪುಡಿ ಎಲ್ಲವನ್ನೂ ಮುಚ್ಚುತ್ತದೆ, ಒಂದು ವಾರದಿಂದ ಹತ್ತು ದಿನ ಕಾಯಬೇಕು. ಆ್ಯಂಟಿಬಯಾಟಿಕ್ ಆಗಿದ್ದರೆ ಎರಡು ವಾರ. ಕಾಯುವಂತಿಲ್ಲದ ರೋಗಿಯಾದರೆ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ, ರಿಪೋರ್ಟಿನಲ್ಲಿ ಒಂದು ಸಾಲು ಬರೆಯಿರಿ. ನಡೆಯುತ್ತಿರುವ ಔಷಧವನ್ನು ನಿಲ್ಲಿಸಿ ಅಂತ ಕಿಟಕಿಯಲ್ಲಿ ಕೂತು ನಾವು ಹೇಳಬಾರದು.

ಇಷ್ಟೂ ಸರಿ ಇದ್ದು ಇನ್ನೂ ಸಿಗದಿದ್ದರೆ? ಪರಾವಲಂಬಿಗಳು ದಿನಾ ಹಾಜರಿ ಹಾಕುವುದಿಲ್ಲ. ಒಂದು ದಿನ ಬರುತ್ತವೆ, ಎರಡು ದಿನ ಇಲ್ಲ. ಅದಕ್ಕೇ ದಿನ ಬಿಟ್ಟು ದಿನ ಮೂರು ಮಾದರಿ, ಹತ್ತು ದಿನದೊಳಗೆ. ‘ಮೂರು ಸಲ ತನ್ನಿ’ ಅಂದರೆ ಒಂದೇ ದಿನದ್ದನ್ನು ಮೂರು ಡಬ್ಬಿಗೆ ಹಂಚಿ ತಂದವರನ್ನು ನೋಡಿದ್ದೇನೆ. ವಾರದ ಹೆಸರು ಹೇಳಿ ಕೊಡಿ: ಸೋಮವಾರ ಒಂದು, ಬುಧವಾರ ಒಂದು, ಶುಕ್ರವಾರ ಒಂದು. ತಪ್ಪುವುದು ಕಡಿಮೆ.

ನೀರು ಸೇರಿದ, ಮೂತ್ರ ಸೇರಿದ ಮಾದರಿ

ಡಬ್ಬಿ ಓರೆ ಮಾಡಿದಾಗ ಮೇಲೆ ತಿಳಿ ನೀರು, ಕೆಳಗೆ ಗಸಿ. ರೋಗಿಗೆ ನಿಜವಾಗಿ ಭೇದಿ ಇಲ್ಲ. ಹಾಗಿದ್ದರೆ ಅದು ಕಕ್ಕಸಿನ ನೀರು ಅಥವಾ ಮೂತ್ರ.

ಯಾಕೆ ಬೇಡ ಅಂತ ರೋಗಿಗೂ ಹೇಳಬೇಕು. ಕಾರಣ ಗೊತ್ತಿದ್ದರೆ ಮರೆಯುವುದಿಲ್ಲ. ಮೂತ್ರ ತಾಗಿದರೆ ಅಮೀಬಾ ಸಾಯುತ್ತದೆ. ಟ್ಯಾಂಕಿನ ನೀರಿನಲ್ಲಿ ಅದರದ್ದೇ ಆದ ಜೀವಿಗಳಿರುತ್ತವೆ, ಅವು ಸ್ಲೈಡಿನಲ್ಲಿ ಓಡಾಡಿ ನಮ್ಮನ್ನು ಮೋಸ ಮಾಡುತ್ತವೆ. ಫಿನಾಯಿಲ್, ಆ್ಯಸಿಡ್ ಹಾಕಿ ತೊಳೆದ ಪ್ಯಾನಿನಿಂದ ಎತ್ತಿದರೆ ಎಲ್ಲ ಸತ್ತಿರುತ್ತವೆ. ಬಯಲಿಗೆ ಹೋಗಿ ನೆಲದಿಂದ ಎತ್ತಿ ತಂದರೆ ಮಣ್ಣಿನ ಹುಳುಗಳು ಜೊತೆಗೆ ಬರುತ್ತವೆ.

ಇಷ್ಟು ಹೇಳಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ‘ಹಾಗಾದ್ರೆ ಎಲ್ಲಿ ಕೂರಲಿ?’ ಅನ್ನುವುದು ರೋಗಿಯ ಮನಸ್ಸಿನ ಪ್ರಶ್ನೆ, ನಾಚಿಕೆಗೆ ಕೇಳುವುದಿಲ್ಲ. ನಾವೇ ಹೇಳಬೇಕು. ಇಂಡಿಯನ್ ಕಕ್ಕಸು ಇರುವ ಮನೆಯಲ್ಲಿ: ಮೊದಲು ಮೂತ್ರ ಮಾಡಿ ಮುಗಿಸಿ. ನೆಲ ಒಣಗಿರಲಿ. ಎರಡು ಪದರ ನ್ಯೂಸ್‌ಪೇಪರ್ ಹಾಸಿ, ಇಲ್ಲವೇ ಒಂದು ಪೇಪರ್ ತಟ್ಟೆ ಇಡಿ. ಮಲೆನಾಡು, ಕರಾವಳಿ ಕಡೆ ಹಾಳೆತಟ್ಟೆ ಸುಲಭಕ್ಕೆ ಸಿಗುತ್ತದೆ. ಅದರ ಮೇಲೆ ಕೂತು ಹೋಗಿ. ಡಬ್ಬಿಯ ಮುಚ್ಚಳದಲ್ಲೇ ಪುಟ್ಟ ಚಮಚ ಇರುತ್ತದೆ, ಅದರಿಂದ ಮೇಲ್ಭಾಗದ್ದನ್ನು ತೆಗೆಯಿರಿ. ಪೇಪರ್ ಮುಟ್ಟಿದ ಭಾಗ ಬೇಡ. ಉಳಿದದ್ದನ್ನು ಕಕ್ಕಸಿಗೆ ಸುರಿದು, ಪೇಪರನ್ನು ಕವರಿಗೆ ಹಾಕಿ ಕಟ್ಟಿ ಕಸಕ್ಕೆ. ಆಮೇಲೆ ನೀರು. ಕೈಗೆ ಸೋಪು.

ಕಮೋಡ್ ಇದ್ದರೆ ಇನ್ನೂ ಸುಲಭ. ಸೀಟ್ ಎತ್ತಿ, ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಡುವೆ ಸ್ವಲ್ಪ ಜೋಲುವಂತೆ ಹಾಸಿ, ಸೀಟ್ ಇಳಿಸಿದರೆ ಅದು ಜಾರದೆ ನಿಲ್ಲುತ್ತದೆ. ಮಂಡಿ ನೋವಿನ ಹಿರಿಯರಿಗೆ ಪ್ಲಾಸ್ಟಿಕ್ ಕಮೋಡ್ ಕುರ್ಚಿಗೂ ಇದೇ ಉಪಾಯ. ಹಾಸಿಗೆ ಹಿಡಿದವರಿಗೆ ಬೆಡ್ ಪ್ಯಾನ್, ಚೆನ್ನಾಗಿ ತೊಳೆದು ಒಣಗಿಸಿದ್ದು. ಮುಟ್ಟಿನ ದಿನಗಳಲ್ಲಿ, ತುರ್ತಿಲ್ಲದಿದ್ದರೆ, ಮುಂದಕ್ಕೆ ಹಾಕಿ. ಇದನ್ನು ನರ್ಸಮ್ಮ ಹೇಳಿದರೆ ಚೆನ್ನ.

ಡಬ್ಬಿಯದೇ ಗಲಾಟೆ

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಂಕಿಪೊಟ್ಟಣದಲ್ಲಿ ತರುವವರಿದ್ದರು. ರಟ್ಟು ತೇವವನ್ನೆಲ್ಲ ಹೀರಿ, ನಮಗೆ ಒಣಗಿದ ಉಂಡೆ ಸಿಗುತ್ತಿತ್ತು. ಈಗ ಸ್ಕ್ರೂ ಮುಚ್ಚಳದ ಡಬ್ಬಿ ಎಲ್ಲ ಕಡೆ ಸಿಗುತ್ತದೆ. ಆದರೂ ಟಾನಿಕ್ ಬಾಟಲಿ, ಉಪ್ಪಿನಕಾಯಿ ಬಾಟಲಿ ಪೂರ್ತಿ ನಿಂತಿಲ್ಲ.

ಒಮ್ಮೆ ಒಬ್ಬ ಅಜ್ಜಿ ತಂದ ಡಬ್ಬಿ ತೆರೆದಾಗ ಆಸ್ಪತ್ರೆ ವಾಸನೆ. ‘ಅಜ್ಜಿ, ಇದಕ್ಕೆ ಏನು ಹಾಕಿದ್ರಿ?’

‘ಡಬ್ಬಿ ಕ್ಲೀನಾಗಿರಬೇಕು ಅಂದ್ರಲ್ಲಪ್ಪ, ಡೆಟಾಲ್ ಹಾಕಿ ಗಲಬರಿಸ್ದೆ.’

ಕ್ಲೀನ್ ಅನ್ನುವ ಪದದಲ್ಲೇ ತಪ್ಪು. ‘ಈ ಡಬ್ಬಿ ತೊಳೆಯೋದು ಬೇಡ, ಹಾಗೇ ಉಪಯೋಗಿಸಿ’ ಅಂದಿದ್ದರೆ ಅಜ್ಜಿಗೆ ಇನ್ನೊಂದು ಸಲ ಬಸ್ ಚಾರ್ಜ್ ಉಳಿಯುತ್ತಿತ್ತು.

ಎಷ್ಟು ಬೇಕು ಅನ್ನುವುದೂ ಹೇಳದಿದ್ದರೆ ಎರಡು ತುದಿಗೂ ಹೋಗುತ್ತದೆ. ಕೆಲವರು ಚಮಚದ ತುದಿಗೆ ಸವರಿ ತರುತ್ತಾರೆ. ಕೆಲವರು ಡಬ್ಬಿ ಕಂಠಮಟ್ಟ ತುಂಬಿಸುತ್ತಾರೆ. ತುಂಬಿದ ಡಬ್ಬಿಯೊಳಗೆ ಗ್ಯಾಸ್ ಕಟ್ಟಿ, ಮುಚ್ಚಳ ತಿರುಗಿಸಿದ ಕೂಡಲೇ ಸಿಡಿದದ್ದು ನನ್ನ ಬಿಳಿ ಕೋಟಿನ ಮೇಲೆ ಅಂತ ಇಷ್ಟೇ ಹೇಳುತ್ತೇನೆ. ಸಾಮಾನ್ಯ ಪರೀಕ್ಷೆಗೆ ಗಟ್ಟಿಯಾದರೆ ಒಂದು ಅಡಿಕೆ ಗಾತ್ರ, ನೀರಾದರೆ ಡಬ್ಬಿಯ ಮೂರನೇ ಒಂದು ಭಾಗ. ಅರ್ಧಕ್ಕಿಂತ ಮೇಲೆ ಬೇಡವೇ ಬೇಡ. ಗ್ರಾಂ ಲೆಕ್ಕ ರೋಗಿಗೆ ಹೇಳಬೇಡಿ, ಅಡಿಕೆ ಎಲ್ಲರಿಗೂ ಗೊತ್ತು.

ಹೆಸರು, ವಯಸ್ಸು, ಹೋದ ಗಂಟೆ ಡಬ್ಬಿಯ ಮೈ ಮೇಲೆ ಬರೆಯಿರಿ. ಮುಚ್ಚಳದ ಮೇಲಲ್ಲ. ಎರಡು ಮುಚ್ಚಳ ಒಟ್ಟಿಗೆ ತೆರೆದಿಟ್ಟ ದಿನ ಯಾಕೆ ಅಂತ ಗೊತ್ತಾಗುತ್ತದೆ.

ಚೀಟಿಯಲ್ಲಿ ಬರೆದದ್ದು ಯಾವ ಪರೀಕ್ಷೆ?

ಮಲ ಪರೀಕ್ಷೆ ಅಂದರೆ ಒಂದೇ ಪರೀಕ್ಷೆ ಅಲ್ಲ. ಎಲ್ಲದಕ್ಕೂ ಒಂದೇ ಸೂಚನೆ ಕೊಟ್ಟರೆ ಯಾವುದಾದರೂ ಒಂದು ಕೆಡುತ್ತದೆ. ಡಾಕ್ಟರ ಚೀಟಿ ಓದಿ ಆಮೇಲೆ ಬಾಯಿ ತೆರೆಯಬೇಕು.

ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ ಅಂತ ಇದ್ದರೆ ಸ್ಟೆರೈಲ್ ಡಬ್ಬಿ, ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ, ಎರಡು ಗಂಟೆಯೊಳಗೆ. ರಕ್ತಭೇದಿ ತರುವ ಶಿಗೆಲ್ಲಾ ಬಲು ಸೂಕ್ಷ್ಮ. ಡಬ್ಬಿಯಲ್ಲಿ ಮಲ ಹುಳಿಯಾಗುತ್ತಾ ಹೋದಂತೆ ಸಾಯುತ್ತದೆ. ತಡವಾಗುವುದಾದರೆ, ದಾರಿಯಲ್ಲಿ ಬ್ಯಾಕ್ಟೀರಿಯಾ ಸಾಯದಂತೆ ಕಾಯುವ ಕ್ಯಾರಿ-ಬ್ಲೇರ್ ಮಾಧ್ಯಮದ ಟ್ಯೂಬಿಗೆ, ಮಲ ಸವರಿದ ಹತ್ತಿಯ ಕಡ್ಡಿ (ಸ್ವ್ಯಾಬ್) ಹಾಕಿ ಕಳಿಸಿ. ಕಾಲರಾ ಅನುಮಾನ ಇದ್ದರೂ ಇದೇ ಟ್ಯೂಬು, ಆದರೆ ಐಸ್ ಮೇಲೆ ಇಡಬೇಡಿ. ಫಾರ್ಮಲಿನ್ ಹಾಕಿದ ಮಾದರಿ ಮೊಟ್ಟೆ ನೋಡಲು ಚೆನ್ನ, ಕಲ್ಚರಿಗೆ ಸೊನ್ನೆ.

ಅಕಲ್ಟ್ ಬ್ಲಡ್, ಅಂದರೆ ಕಣ್ಣಿಗೆ ಕಾಣದ ರಕ್ತ ಹುಡುಕುವ ಪರೀಕ್ಷೆಯಲ್ಲಿ ಜಗಳ ಬೇರೆ ರೀತಿ. ನಿಮ್ಮ ಲ್ಯಾಬಿನಲ್ಲಿ ಇರುವ ಕಿಟ್ ಯಾವುದು ಅಂತ ಮೊದಲು ನೋಡಿ. ಹಳೆಯ ಗ್ವಾಯಕ್ ವಿಧಾನ ರಕ್ತದ ಪೆರಾಕ್ಸಿಡೇಸ್ ಗುಣವನ್ನು, ಅಂದರೆ ಕಿಟ್ಟಿನ ಬಣ್ಣ ಬದಲಿಸುವ ಗುಣವನ್ನು, ಹಿಡಿಯುತ್ತದೆ. ಆ ಗುಣ ಮಟನ್ನಿನಲ್ಲೂ ಇದೆ, ಮೂಲಂಗಿಯಲ್ಲೂ ಇದೆ. ಭಾನುವಾರ ಬಾಡೂಟ, ಸೋಮವಾರ ಪರೀಕ್ಷೆ, ರಿಪೋರ್ಟ್ ಪಾಸಿಟಿವ್, ಮನೆಯವರೆಲ್ಲ ಗಾಬರಿ. ಮೂರು ದಿನ ಮಟನ್, ಹಸಿ ಮೂಲಂಗಿ, ಹೂಕೋಸು ಬಿಡಲು ಹೇಳಬೇಕು. ವಿಟಮಿನ್ ಸಿ ಉಲ್ಟಾ ಆಟ ಆಡುತ್ತದೆ: ದಿನಕ್ಕೆ 250 ಮಿಲಿಗ್ರಾಂಗಿಂತ ಜಾಸ್ತಿಯಾದರೆ ರಕ್ತ ಇದ್ದರೂ ಇಲ್ಲ ಅನ್ನಿಸುತ್ತದೆ. ಚೀಪುವ ಮಾತ್ರೆ ಒಂದರಲ್ಲೇ 500 ಇರುತ್ತದೆ. ಹೊಸ ಎಫ್‌ಐಟಿ ಕಿಟ್ ಮನುಷ್ಯರ ಹಿಮೋಗ್ಲೋಬಿನ್ನನ್ನು ಮಾತ್ರ ಹಿಡಿಯುತ್ತದೆ, ಅದಕ್ಕೆ ಊಟದ ಪಥ್ಯ ಬೇಕಿಲ್ಲ. ಎರಡಕ್ಕೂ ಒಂದು ಮಾತು ಒಂದೇ: ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರುವಾಗ ಬೇಡ. ನೋವಿನ ಮಾತ್ರೆ, ಆಸ್ಪಿರಿನ್ ತೆಗೆದುಕೊಳ್ಳುವವರನ್ನು ಡಾಕ್ಟರ ಬಳಿ ಕೇಳಿಬರಲು ಕಳಿಸಿ. ಹೃದಯಕ್ಕೆ ಅಂತ ಆಸ್ಪಿರಿನ್ ನುಂಗುವವರು ನಮ್ಮ ಮಾತು ಕೇಳಿ ನಿಲ್ಲಿಸಿದರೆ ಅದು ಮಾದರಿ ಕೆಟ್ಟದ್ದಕ್ಕಿಂತ ದೊಡ್ಡ ಅನಾಹುತ.

ಬಣ್ಣವೂ ದಾರಿ ತಪ್ಪಿಸುತ್ತದೆ. ಕಬ್ಬಿಣದ ಮಾತ್ರೆ ನುಂಗುವ ಬಸುರಿಯರ ಮಲ ಕಪ್ಪಗಿರುತ್ತದೆ. ಬೀಟ್ರೂಟ್ ಪಲ್ಯ ತಿಂದ ಮರುದಿನ ಕೆಂಪಗೆ. ಹೊಟ್ಟೆಯೊಳಗೆ ರಕ್ತ ಸೋರಿ ಕಪ್ಪಾದ ಮಲವೇ ಬೇರೆ, ಟಾರಿನ ಹಾಗೆ ಹೊಳಪು, ಅಂಟು, ಕೆಟ್ಟ ನಾತ. ಅಂಥ ಡಬ್ಬಿ ಬಂದರೆ ಸರದಿಯಲ್ಲಿ ಇಡಬೇಡಿ, ಎದ್ದು ಹೋಗಿ ಡಾಕ್ಟರಿಗೆ ಹೇಳಿ.

ಗ್ಯಾಸ್ಟ್ರಿಕ್ ತರುವ ಹೆಲಿಕೋಬ್ಯಾಕ್ಟರ್ ಪೈಲೋರಿಯ ಮಲ ಪರೀಕ್ಷೆಗೆ ಬರುವವರಲ್ಲಿ ಬಹುಪಾಲು ಜನ ಆಗಲೇ ಬೆಳಿಗ್ಗೆ ಒಂದು ಪ್ಯಾಂಟೊಪ್ರಜೋಲ್, ಅಂದರೆ ಹೊಟ್ಟೆಯ ಆಮ್ಲ ಇಳಿಸುವ ಮಾತ್ರೆ, ನುಂಗುತ್ತಿರುತ್ತಾರೆ. ಅದು ಎರಡು ವಾರ, ಆ್ಯಂಟಿಬಯಾಟಿಕ್ ನಾಲ್ಕು ವಾರ ಹಿಂದೆ ನಿಂತಿರಬೇಕು, ಇಲ್ಲದಿದ್ದರೆ ರೋಗ ಇದ್ದೂ ನೆಗೆಟಿವ್ ಬರಬಹುದು. ಇಲ್ಲೂ ನಿಲ್ಲಿಸುವ ಮಾತು ಡಾಕ್ಟರದ್ದೇ.

ಮಕ್ಕಳ ಡಬ್ಬಿ

ಕೂಸಿನ ಭೇದಿಯನ್ನು ಡೈಪರಿನಿಂದ ಕೆರೆದು ತರುತ್ತಾರೆ. ನೀರಿನ ಭಾಗವನ್ನೆಲ್ಲ ಡೈಪರ್ ಕುಡಿದಿರುತ್ತದೆ, ನಮಗೆ ಬೇಕಾದದ್ದು ಅದೇ. ಹಾಲಿನ ಸಕ್ಕರೆ ಜೀರ್ಣವಾಗುತ್ತಿಲ್ಲವೇ ಅಂತ ನೋಡುವ ಪರೀಕ್ಷೆಯಲ್ಲಂತೂ ನೀರಿನ ಭಾಗವೇ ಪರೀಕ್ಷೆ. ಅದೂ ತಾಜಾ ಇರಬೇಕು, ತಡವಾದರೆ ಆ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳೇ ತಿಂದು ಮುಗಿಸುತ್ತವೆ. ಡೈಪರನ್ನು ತಿರುವಿ ಪ್ಲಾಸ್ಟಿಕ್ ಮೈ ಒಳಗೆ ಬರುವಂತೆ ಕಟ್ಟಿ, ಅಥವಾ ಒಳಗೆ ಒಂದು ಶುದ್ಧ ಪ್ಲಾಸ್ಟಿಕ್ ಹಾಳೆ ಇಡಿ. ಕೂಸಿನ ಹತ್ತಿರವೇ ಇರಿ.

ರಾತ್ರಿ ಹಿಂಬದಿ ಕೆರೆದುಕೊಳ್ಳುವ ಮಗುವಿನ ಮಲ ಎಷ್ಟು ಸಲ ನೋಡಿದರೂ ಏನೂ ಸಿಗದಿರಬಹುದು. ದಾರದಂಥ ಆ ಬಿಳಿ ಹುಳು ಮೊಟ್ಟೆ ಇಡುವುದು ಹೊರಗಿನ ಚರ್ಮದ ಮೇಲೆ. ಇಲ್ಲಿ ದೋಷ ಮಾದರಿಯದ್ದಲ್ಲ, ಪರೀಕ್ಷೆಯದ್ದೇ. ಬೆಳಿಗ್ಗೆ ಎದ್ದ ಕೂಡಲೇ, ಕಕ್ಕಕ್ಕೆ ಹೋಗುವ ಮೊದಲು, ತೊಳೆಯುವ ಮೊದಲು, ಪಾರದರ್ಶಕ ಸೆಲ್ಲೋ ಟೇಪಿನ ಅಂಟು ಮೈಯನ್ನು ಗುದದ ಸುತ್ತ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ ತರಬೇಕು. ಮೂರು ದಿನ ಬೆಳಿಗ್ಗೆ ಮಾಡಿದರೆ ಒಳ್ಳೆಯದು. ತಾಯಿಗೆ ಸ್ಲೈಡ್, ಟೇಪು ಕೈಗೆ ಕೊಟ್ಟು, ನಿಮ್ಮ ಬೆರಳಿನ ಮೇಲೆ ಒತ್ತಿ ಮಾಡಿ ತೋರಿಸಿ.

ಇನ್ನು ‘ಹುಳು ಬಿತ್ತು’ ಅಂತ ಬಾಳೆಹಣ್ಣಿನ ನಾರು ತರುವವರು. ಕಪ್ಪು ಚುಕ್ಕೆಯ ಸಣ್ಣ ದಾರ, ನೋಡಿದರೆ ಹುಳುವೇ. ನಗಬೇಡಿ. ಸ್ಲೈಡ್ ಹಾಕಿ ನೋಡಿ, ಅವರಿಗೂ ತೋರಿಸಿ. ಒಮ್ಮೊಮ್ಮೆ ನಿಜವಾದ ದುಂಡುಹುಳುವೂ ಬರುತ್ತದೆ.

ಒಂದು ಡಬ್ಬಿ ಮಾತ್ರ ಐಸಿನಲ್ಲೇ ಹೋಗಬೇಕು. ಹದಿನೈದು ವರ್ಷದೊಳಗಿನ ಮಗುವಿಗೆ ಇದ್ದಕ್ಕಿದ್ದಂತೆ ಕೈಕಾಲು ಸೋತರೆ ಪೋಲಿಯೋ ಕಣ್ಗಾವಲಿಗೆ ಎರಡು ಮಾದರಿ. ನಡುವೆ ಕನಿಷ್ಠ 24 ಗಂಟೆ ಅಂತರ, ಕೈಕಾಲು ಸೋತ 14 ದಿನದೊಳಗೆ, ಒಂದೊಂದೂ ದೊಡ್ಡವರ ಹೆಬ್ಬೆರಳಿನಷ್ಟು, 2ರಿಂದ 8 ಡಿಗ್ರಿಯಲ್ಲಿ. ನಮ್ಮ ದೇಶದಲ್ಲಿ ಕೊನೆಯ ಕಾಡು ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚಿನಲ್ಲಿ ಪೋಲಿಯೋಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. ಈ ಡಬ್ಬಿಗಳು ಇನ್ನೂ ಓಡಾಡುತ್ತಿರುವುದರಿಂದಲೇ ಅದು ಮರಳಿ ಬಂದಿಲ್ಲ ಅಂತ ಹೇಳಲು ಆಗುತ್ತಿದೆ. ಅಡಿಕೆ ಗಾತ್ರದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಐಸ್ ಇಲ್ಲದ ಡಬ್ಬಿಯೂ ನಡೆಯುವುದಿಲ್ಲ.

ಹೇಳುವ ಬಾಯಿ

ಸೂಚನೆ ಕೊಟ್ಟಿದ್ದೇವೆ, ಆದರೂ ತಪ್ಪು ಮಾದರಿ. ಆಗ ಪದ ಪರೀಕ್ಷಿಸಿ. ‘ಸ್ಟೂಲ್ ತನ್ನಿ’ ಅಂದರೆ ಕೂರುವ ಸ್ಟೂಲು ನೆನಪಾಗುವ ಜನ ನಮ್ಮವರು. ‘ಮಲ’ ಪುಸ್ತಕದ ಮಾತು. ನಮ್ಮ ಕಡೆ ಮೋಷನ್, ಎರಡಕ್ಕೆ, ಕಕ್ಕಸಿಗೆ ಅಂದರೆ ತಿಳಿಯುತ್ತದೆ. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರಿಗೆ ಸಂಡಾಸ ಅನ್ನಬೇಕು. ಮಕ್ಕಳ ತಾಯಂದಿರಿಗೆ ಕಕ್ಕ. ಎದುರಿನವರ ಮನೆಯ ಪದ ಯಾವುದೋ ಅದೇ ಸರಿಯಾದ ಪದ.

ಎರಡನೆಯದು ದನಿ. ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಕಿಟಕಿಯಿಂದ ಕೂಗಿ ಹೇಳಿದರೆ ಸೊಸೆಯಾದವಳು ತಲೆ ತಗ್ಗಿಸಿ ‘ಹೂಂ’ ಅಂದು ಹೋಗುತ್ತಾಳೆ. ಏನೂ ಕೇಳಿಸಿಕೊಂಡಿರುವುದಿಲ್ಲ. ಪಕ್ಕಕ್ಕೆ ಕರೆಯಿರಿ. ಮಾವನ ಮಾದರಿ ತೆಗೆಯಬೇಕಾದವಳು ಅವಳೇ ಆದರೆ, ಮಾವನಿಗಲ್ಲ, ಅವಳಿಗೆ ಹೇಳಬೇಕು.

ಮೂರನೆಯದು, ವಾಪಸ್ ಹೇಳಿಸುವುದು. ‘ಅರ್ಥ ಆಯ್ತಾ?’ ಅಂದರೆ ಎಲ್ಲರಿಗೂ ಅರ್ಥ ಆಗಿರುತ್ತದೆ. ನಾನು ಹೀಗೆ ಕೇಳುತ್ತೇನೆ:

‘ಅಮ್ಮಾ, ನಾನು ಸರಿಯಾಗಿ ಹೇಳಿದೀನಾ ಅಂತ ನೋಡ್ಬೇಕು. ನಾಳೆ ಎದ್ದು ಏನೇನು ಮಾಡ್ತೀರಿ, ಹೇಳಿ.’

‘ಮೊದ್ಲು ಒಂದಕ್ಕೆ ಹೋಗಿ ಬರ್ತೀನಿ. ಪೇಪರ್ ಹಾಸ್ತೀನಿ. ಹೋಗಿ, ತೊಳ್ಕೊಂಡು, ಆಮೇಲೆ ಚಮಚದಲ್ಲಿ…’

‘ತೊಳ್ಕೊಳ್ಳೋದು ಎಲ್ಲಿ?’

‘ಅಲ್ಲೇ ಅಲ್ವಾ?’

ನೋಡಿದಿರಾ, ಅಲ್ಲೇ ಕೂತು ತೊಳೆದುಕೊಂಡರೆ ನೀರೆಲ್ಲ ಪೇಪರಿನ ಮೇಲೆ. ವರ್ಷಗಟ್ಟಲೆ ‘ನೀರು ಸೇರಿಸಬೇಡಿ’ ಅಂತ ಹೇಳಿಕೊಂಡು ಬಂದಿದ್ದೆ. ನೀರು ಎಲ್ಲಿಂದ ಸೇರುತ್ತದೆ ಅಂತ ನನಗೆ ಹೊಳೆದದ್ದು ಆ ಅಮ್ಮನ ಬಾಯಿಂದ. ಈಗ ‘ಮೊದಲು ಡಬ್ಬಿಗೆ ತೆಗೆದು ಮುಚ್ಚಳ ಹಾಕಿ, ಆಮೇಲೆ ಪಕ್ಕಕ್ಕೆ ಸರಿದು ತೊಳ್ಕೊಳ್ಳಿ’ ಅನ್ನುವುದು ನಮ್ಮ ಸೂಚನೆಯಲ್ಲಿ ಸೇರಿದೆ.

ಎಲ್ಲ ಸರಿ ಇದ್ದೂ ಕೆಟ್ಟರೆ

ಆಗ ನಮ್ಮ ಟೇಬಲ್ ನೋಡಿ. ರೋಗಿ ಬಿಸಿ ಮಾದರಿ ಓಡಿ ತಂದು ಕೊಟ್ಟಿರುತ್ತಾರೆ. ನಾವು ಅದನ್ನು ಟ್ರೇಯಲ್ಲಿಟ್ಟು ಹದಿನೈದು ಜನರ ರಕ್ತ ತೆಗೆದು, ಟೀ ಕುಡಿದು, ಹನ್ನೊಂದಕ್ಕೆ ಸ್ಲೈಡ್ ಹಾಕುತ್ತೇವೆ. ಕೆಲವೊಮ್ಮೆ ಫ್ಯಾನಿನ ನೇರ ಕೆಳಗೆ. ಮೂರು ತಿಂಗಳು ನಾವು ಕೊಟ್ಟ ‘ನಾರ್ಮಲ್’ ರಿಪೋರ್ಟುಗಳನ್ನು ಒಮ್ಮೆ ತೆಗೆದು ನೋಡಿದೆ. ಮಾದರಿ ಬಂದ ಗಂಟೆ ಬರೆದಿತ್ತು, ನೋಡಿದ ಗಂಟೆ ಒಂದರಲ್ಲೂ ಇರಲಿಲ್ಲ. ಈಗ ಎರಡೂ ಬರೆಯುತ್ತೇವೆ. ಭೇದಿಯ ಡಬ್ಬಿಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕುತ್ತೇವೆ, ಅದು ಬಂದರೆ ರಕ್ತ ತೆಗೆಯುವ ಸಾಲು ಐದು ನಿಮಿಷ ನಿಲ್ಲುತ್ತದೆ. ಸಾಲಿನವರು ಗೊಣಗುತ್ತಾರೆ. ಟಾಯ್ಲೆಟ್ಟಿನ ಬೀಗದ ಕೈಗೆ ಒಂದು ಉದ್ದನೆ ದಾರ ಕಟ್ಟಿ ಕಿಟಕಿಯ ಹೊರಗಿನ ಮೊಳೆಗೆ ನೇತುಹಾಕಿದ್ದೇವೆ. ಇದುವರೆಗೆ ಎರಡು ಸಲ ಕಳೆದಿದೆ, ಎರಡು ಸಲವೂ ಹೊಸದು ಮಾಡಿಸಿದ್ದೇವೆ.